ಪಾಠ ಹೋಗುವ ದಾರಿ, ಉತ್ತರ ಬರುವ ದಾರಿ

ಬೀಳಗಿ ತಾಲ್ಲೂಕಿನ ಒಂದು ಊರಲ್ಲಿ ಆರನೇ ತರಗತಿಯ ಹುಡುಗಿಯ ಪಾಟಿಚೀಲ ಬಿಚ್ಚಿಸಿ ಕೂತಿದ್ದೆ. ಪಠ್ಯಪುಸ್ತಕದಲ್ಲಿ ಪಾಠದ ತಲೆಬರಹದ ಬಳಿ ಕಪ್ಪು-ಬಿಳಿ ಚುಕ್ಕಿಗಳ ಒಂದು ಚೌಕ. ಅರ್ಧಕ್ಕರ್ಧ ಬಿಳಿ ಮನೆಗಳನ್ನು ಅವಳು ನೀಲಿ ಪೆನ್ನಿನಿಂದ ತುಂಬಿಬಿಟ್ಟಿದ್ದಳು.

"ಇದೇನೈತಿ ಗೊತ್ತೈತೇನವಾ?"

"ಸ್ಕ್ಯಾನರ್ ಐತ್ರಿ. ರೊಕ್ಕ ಹಾಕಾಕ."

"ಯಾರಿಗೆ ಹಾಕಬೇಕು?"

"ಸರಕಾರಕ್ಕ ಇರಬೇಕ್ರಿ."

ಅವಳ ತಪ್ಪೇನೂ ಇಲ್ಲ. ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ, ಚಹಾದಂಗಡಿಯ ಗೋಡೆಯ ಮೇಲೆ ಅದೇ ಚೌಕ ರೊಕ್ಕಕ್ಕೇ ಇರುವುದು. ಪುಸ್ತಕದಲ್ಲಿಯೂ ಅದು ಇದೆ, ಅದರ ಹಿಂದೆ ಪಾಠವೊಂದು ಕೂತಿದೆ ಎಂದು ಅವಳಿಗೆ ಯಾರೂ ತೋರಿಸಿರಲಿಲ್ಲ. ಆನ್‌ಲೈನ್ ಕಲಿಕೆಯ ಬಗ್ಗೆ ಭಾಷಣಗಳು ಬಹಳ ಆಗಿವೆ. ಈ ಲೇಖನದಲ್ಲಿ ಅದು ನಮ್ಮ ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಸೀಮೆಯ ಮಗುವಿನ ಕೈಗೆ ಹೇಗೆ ತಲುಪುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎನ್ನುವುದನ್ನಷ್ಟೇ ನೋಡೋಣ.

ಮೊದಲು ಆ ಚೌಕ. ಕ್ಯೂಆರ್ ಕೋಡ್ ಅನ್ನು ಜಪಾನಿನ ಡೆನ್ಸೊ ವೇವ್ ಕಂಪನಿ 1994ರಲ್ಲಿ ರೂಪಿಸಿದ್ದು ವಾಹನ ಕಾರ್ಖಾನೆಯ ಬಿಡಿಭಾಗಗಳ ಲೆಕ್ಕಕ್ಕೆ. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳು ಕ್ಯಾಮೆರಾಕ್ಕೆ ದಿಕ್ಕು ತೋರಿಸುತ್ತವೆ. ನಡುವಿನ ಚುಕ್ಕಿಗಳಲ್ಲಿ ವಿಳಾಸ ಅಡಗಿರುತ್ತದೆ. ಒಂದೇ ಮಾಹಿತಿಯನ್ನು ಸ್ವಲ್ಪ ಹೆಚ್ಚುವರಿಯಾಗಿ ಬರೆದಿಟ್ಟಿರುವುದರಿಂದ ಒಂದಿಷ್ಟು ಭಾಗ ಕೆಟ್ಟರೂ ಅದನ್ನು ಓದಬಹುದು. ಎಷ್ಟು ಕೆಡಬಹುದು ಎಂಬುದು ಮುದ್ರಿಸುವಾಗ ಆಯ್ದ ಮಟ್ಟದ ಮೇಲಿದೆ: ಶೇ 7ರಿಂದ ಶೇ 30ರವರೆಗೆ. ನಮ್ಮ ಹುಡುಗಿಯ ನೀಲಿ ಪೆನ್ನು ಆ ಮಿತಿಯನ್ನೆಲ್ಲ ದಾಟಿತ್ತು. ಹಾಗಾದಾಗಲೂ ಉಪಾಯವಿದೆ. ಚೌಕದ ಜೊತೆ ಅಚ್ಚಾಗಿರುವ ಆರು ಅಕ್ಷರ-ಅಂಕಿಗಳ ಸಂಕೇತವನ್ನು ದೀಕ್ಷಾ ಜಾಲತಾಣದಲ್ಲಿ ಬರೆದರೆ ಅದೇ ಪಾಠ ತೆರೆದುಕೊಳ್ಳುತ್ತದೆ.

ದೀಕ್ಷಾ ಎನ್ನುವುದು ಕೇಂದ್ರ ಸರ್ಕಾರ 2017ರ ಸೆಪ್ಟೆಂಬರಿನಲ್ಲಿ ಶುರು ಮಾಡಿದ ವೇದಿಕೆ. ರಾಜ್ಯಗಳು ತಮ್ಮ ಪಠ್ಯಕ್ಕೆ ತಕ್ಕ ಪಾಠಗಳನ್ನು ಅದಕ್ಕೆ ಏರಿಸುತ್ತವೆ. ಚೌಕದೊಳಗೆ ವಿಡಿಯೊ ಇರುವುದಿಲ್ಲ, ವಿಡಿಯೊ ಇರುವ ಕಡೆಯ ವಿಳಾಸ ಇರುತ್ತದೆ. ಅಂಚೆಚೀಟಿಯಷ್ಟು ಜಾಗದಲ್ಲಿ ಪಾಠ ಹಿಡಿಸುವುದಿಲ್ಲ, ವಿಳಾಸ ಹಿಡಿಸುತ್ತದೆ. ಇದರಿಂದ ಒಂದು ಅನುಕೂಲ: ಪುಸ್ತಕ ಅಚ್ಚಾದ ಮೇಲೂ ಆ ವಿಳಾಸದಲ್ಲಿರುವ ಪಾಠವನ್ನು ತಿದ್ದಬಹುದು, ಬೇರೆಯದನ್ನು ಇಡಬಹುದು. ದೀಕ್ಷಾ ಆ್ಯಪ್‌ನಲ್ಲಿ ಪಾಠವನ್ನು ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ನೋಡಬಹುದು, ಪಕ್ಕದ ಫೋನಿಗೂ ದಾಟಿಸಬಹುದು. ಇಷ್ಟು ಸರಳವಾದ ಈ ಸವಲತ್ತನ್ನೇ ನಮ್ಮಲ್ಲಿ ಹೆಚ್ಚು ಜನ ಬಳಸುವುದಿಲ್ಲ. ದಿನಾ ಸಂಜೆ ಅದೇ ವಿಡಿಯೊವನ್ನು ಮತ್ತೆ ನೆಟ್‌ನಿಂದಲೇ ಎಳೆದು, "ಡೇಟಾ ಖಾಲಿ ಆತು" ಎಂದು ಕೂರುತ್ತಾರೆ.

ಇದು ಪಾಠ ಹೋಗುವ ದಾರಿ. ಆದರೆ ಮಗು ಅದನ್ನು ನೋಡಿತೋ, ತಿಳಿಯಿತೋ, ಎಲ್ಲಿ ತಪ್ಪಿತು ಎಂಬ ಸುದ್ದಿ ಮಾಸ್ತರರಿಗೆ ಮರಳಿ ಬರುವ ದಾರಿ ಇನ್ನೊಂದಿದೆ. ದೂರದಿಂದ ಪಾಠ ಹೇಳುವ ನಮ್ಮ ಎಪ್ಪತ್ತು ವರ್ಷಗಳ ಪ್ರಯತ್ನದಲ್ಲಿ ಮೊದಲನೆಯ ದಾರಿಗೆ ಟಾರು ಬಿದ್ದಿದೆ, ಎರಡನೆಯದು ಇನ್ನೂ ಕಾಲುದಾರಿ.

ಆಕಾಶದಿಂದ ಬಂದ ಪಾಠಗಳು

ಧಾರವಾಡದ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ರೇಡಿಯೊ ಪಾಠ ಕೇಳಿದ ತಲೆಮಾರು ನಮ್ಮ ಭಾಗದಲ್ಲಿ ಇನ್ನೂ ಇದೆ. ಮುಂದೆ ‘ಕೇಳಿ ಕಲಿ’, ‘ಚಿಣ್ಣರ ಚುಕ್ಕಿ’ಯಂಥ ಬಾನುಲಿ ಪಾಠಗಳು ಬಂದವು. ಇವುಗಳಲ್ಲೊಂದು ಜಾಣ ತಂತ್ರವಿತ್ತು. ರೇಡಿಯೊದ ಪಾತ್ರ ಒಂದು ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಿತ್ತು. ಆ ಖಾಲಿ ಜಾಗದಲ್ಲಿ ತರಗತಿಯ ಮಕ್ಕಳು ಉತ್ತರ ಕೂಗಬೇಕು. ಆಮೇಲೆ ರೇಡಿಯೊ ಸರಿ ಉತ್ತರ ಹೇಳುತ್ತಿತ್ತು. ರೇಡಿಯೊಕ್ಕೆ ಮಕ್ಕಳ ದನಿ ಕೇಳಿಸುವುದಿಲ್ಲ ನಿಜ. ಆದರೂ ಮಕ್ಕಳ ಬಾಯಿ ತೆರೆಸಿತಲ್ಲ, ಪಕ್ಕದಲ್ಲಿ ನಿಂತ ಅಕ್ಕಾರಿಗೆ ಯಾರು ತಪ್ಪು ಕೂಗಿದರು ಎಂದು ಕೇಳಿಸಿತಲ್ಲ. ಈಗಿನ ಎಷ್ಟೋ ದುಬಾರಿ ವಿಡಿಯೊ ಪಾಠಗಳಲ್ಲಿ ಆ ಐದು ಸೆಕೆಂಡಿನ ಮೌನವೂ ಇರುವುದಿಲ್ಲ.

2004ರ ಸೆಪ್ಟೆಂಬರ್ 20ರಂದು ಇಸ್ರೊ ಎಜುಸ್ಯಾಟ್ ಹಾರಿಸಿತು. ಶಿಕ್ಷಣಕ್ಕೆಂದೇ ದೇಶ ಹಾರಿಸಿದ ಮೊದಲ ಉಪಗ್ರಹ ಅದು. ಕರ್ನಾಟಕದಲ್ಲಿ ಅದನ್ನು ಮೊದಲು ಬಳಸಿದವರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಪಾಠ ಇಳಿಯಿತು. ಉಪಗ್ರಹದ ಕೇಂದ್ರಗಳು ಎರಡು ಬಗೆಯವು. ಕೆಲವು ಕಡೆಯಿಂದ ತಿರುಗಿ ಮಾತಾಡಬಹುದಿತ್ತು, ಉಳಿದ ಕಡೆ ಬರೀ ನೋಡುವುದು. ತಿರುಗಿ ಮಾತಾಡುವ ಯಂತ್ರ ದುಬಾರಿ, ಹೀಗಾಗಿ ಹಳ್ಳಿ ಶಾಲೆಗಳ ಪಾಲಿಗೆ ಬಂದದ್ದು ನೋಡುವ ಡಬ್ಬಿಯೇ. 2010ರಲ್ಲಿ ಆ ಉಪಗ್ರಹದ ಸೇವೆ ಮುಗಿಯಿತು.

ಟಿವಿಯ ದಾರಿ ಇಂದಿಗೂ ಇದೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಧ್ಯರೇಖೆಯ ಮೇಲೆ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹದಿಂದ ಸಂಕೇತ ಬರುತ್ತದೆ. ಮನೆ ಮೇಲಿನ ತಟ್ಟೆ ಅದನ್ನು ಹಿಡಿಯುತ್ತದೆ. ಟವರ್ ಬೇಡ, ರೀಚಾರ್ಜ್ ಬೇಡ, ಎಷ್ಟು ಲಕ್ಷ ಜನ ನೋಡಿದರೂ ವೇಗ ಕಡಿಮೆಯಾಗದು. ಡಿಡಿ ಫ್ರೀ ಡಿಶ್‌ನಲ್ಲಿ ‘ಸ್ವಯಂ ಪ್ರಭಾ’, ‘ಪಿಎಂ ಇ-ವಿದ್ಯಾ’ ವಾಹಿನಿಗಳು ತಿಂಗಳ ಬಾಡಿಗೆಯಿಲ್ಲದೆ ಸಿಗುತ್ತವೆ. ಕೊರತೆ ಎಂದರೆ ಪಾಠದ ಹೊತ್ತು ಮಗುವಿನ ಹೊತ್ತಿಗೆ ಹೊಂದಬೇಕು, ಮತ್ತು ಟಿವಿಗೆ ಕಿವಿ ಇಲ್ಲ.

2020: ಎಲ್ಲ ಒಮ್ಮೆಲೇ ಬಂದ ವರ್ಷ

ನಮ್ಮ ಕಡೆಯ ಶಾಲೆಗಳಿಗೆ ಅದು ಬರೀ ಕೊರೊನಾದ ಕಥೆಯಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಬಾಗಲಕೋಟೆ ಜಿಲ್ಲೆಯ ಹೊಳೆಸಾಲಿನ ಊರುಗಳಲ್ಲಿ ಶಾಲೆಗಳು ನೀರಲ್ಲಿ ನಿಂತಿದ್ದವು. ಪುಸ್ತಕ ಒಣಗಿಸಿಕೊಂಡು ಅರ್ಧ ವರ್ಷ ಕಳೆಯುವಷ್ಟರಲ್ಲಿ, 2020ರ ಮಾರ್ಚ್‌ನಲ್ಲಿ, ಮತ್ತೆ ಬಾಗಿಲು ಬಿತ್ತು.

ಆ ಜೂನ್‌ನಲ್ಲಿ ರಾಜ್ಯ ಸರ್ಕಾರ ಸಣ್ಣ ಮಕ್ಕಳಿಗೆ ಆನ್‌ಲೈನ್ ತರಗತಿಯೇ ಬೇಡವೆಂದಿತು. ಮೊದಲು ಐದನೇ ತರಗತಿವರೆಗೆ, ಆಮೇಲೆ ಏಳರವರೆಗೆ. ಜುಲೈ 8ರಂದು ಹೈಕೋರ್ಟ್ ಆ ಆದೇಶಗಳಿಗೆ ತಡೆ ಕೊಟ್ಟಿತು. ಬೆಂಗಳೂರಿನ ಖಾಸಗಿ ಶಾಲೆಗಳ ಸುತ್ತ ನಡೆದ ಈ ವಾದ ಬೀಳಗಿಯವರಿಗೆ ಎಲ್ಲೋ ದೂರದ ಜಗಳದಂತೆ ಕೇಳಿಸಿದ್ದು ಸಹಜ. ಇಲ್ಲಿ ಪ್ರಶ್ನೆ ಆನ್‌ಲೈನ್ ಬೇಕೋ ಬೇಡವೋ ಎನ್ನುವುದಾಗಿರಲಿಲ್ಲ; ಅಪ್ಪ ಹೊಲಕ್ಕೆ ಹೋಗುವಾಗ ಫೋನನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಮಗು ಏನು ಮಾಡಬೇಕು ಎನ್ನುವುದಾಗಿತ್ತು. ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ 2021ರಲ್ಲಿ ಇದನ್ನು ದೇಶದ ಮಟ್ಟದಲ್ಲಿ ಲೆಕ್ಕ ಹಾಕಿತು. ಗ್ರಾಮೀಣ ಮಕ್ಕಳಲ್ಲಿ ಶೇ 67.6ರಷ್ಟು ಜನರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಅವರಲ್ಲಿಯೂ ಶೇ 26.1ರಷ್ಟು ಮಕ್ಕಳಿಗೆ ಅದು ಕೈಗೆ ಸಿಗುತ್ತಿರಲಿಲ್ಲ. ‘ಮನೆಯಲ್ಲಿದೆ’ ಎನ್ನುವುದೂ ‘ಮಗುವಿಗಿದೆ’ ಎನ್ನುವುದೂ ಒಂದೇ ಅಲ್ಲ.

ಜುಲೈ 20ರಿಂದ ದೂರದರ್ಶನ ಚಂದನದಲ್ಲಿ ‘ಸೇತುಬಂಧ’ ಪಾಠಗಳು ಬಂದವು, ಮೊದಲಿಗೆ ಪ್ರೌಢಶಾಲೆಯವರಿಗೆ. ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಒಂದು ವಿಚಿತ್ರ ಲೆಕ್ಕ. ಮಗ್ಗ ನಡೆದರೆ ಟಿವಿಯ ಮಾತು ಕೇಳಿಸದು, ಮಗ್ಗ ನಿಲ್ಲಿಸಿದರೆ ಆ ಹೊತ್ತಿನ ಕೂಲಿ ಇಲ್ಲ. ಒಂದೇ ಕೋಣೆಯಲ್ಲಿ ಬದುಕೂ ಕಸುಬೂ ಇರುವ ಮನೆಗೆ ‘ಶಾಂತವಾದ ಕೋಣೆಯಲ್ಲಿ ಕೂತು ಕಲಿಯಿರಿ’ ಎಂಬ ಸೂಚನೆ ಓದಿ ಹೇಳಲು ಧೈರ್ಯ ಬೇಕು. ಅತ್ತ ಗಡಿಯಾಚೆ ಕಾಸರಗೋಡಿನಲ್ಲಿ ಕೇರಳದ ‘ಫಸ್ಟ್ ಬೆಲ್’ ಪಾಠಗಳು ಜೂನ್ 1ಕ್ಕೇ ಶುರುವಾಗಿದ್ದವು, ಆದರೆ ಮಲಯಾಳದಲ್ಲಿ. ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಅಲ್ಲಿನ ಕನ್ನಡ ಶಿಕ್ಷಕರೇ ಪಾಠ ತಯಾರಿಸಬೇಕಾಯಿತು. ನೆಟ್ ಇದ್ದರೂ ನುಡಿ ಬೇರೆಯಾದರೆ ಪಾಠ ತಲುಪುವುದಿಲ್ಲ.

ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ನನ್ನ ದೃಷ್ಟಿಯಲ್ಲಿ ಆ ವರ್ಷದ ಎಲ್ಲ ಯೋಜನೆಗಳಲ್ಲಿ ನೆಲದ ಮೇಲೆ ಕಾಲಿಟ್ಟು ಯೋಚಿಸಿದ್ದು ಇದೊಂದೇ. ಮಕ್ಕಳನ್ನು ತರಗತಿಯಿಂದಲ್ಲ, ಮನೆಯಲ್ಲಿರುವ ಸಾಧನದಿಂದ ವಿಂಗಡಿಸಿದರು: ಏನೂ ಇಲ್ಲದವರು, ಬಟನ್ ಫೋನ್ ಇದ್ದವರು, ನೆಟ್ ಇರುವ ಸ್ಮಾರ್ಟ್‌ಫೋನ್ ಇದ್ದವರು. ಇಪ್ಪತ್ತು-ಇಪ್ಪತ್ತೈದು ಮಕ್ಕಳಿಗೆ ಒಬ್ಬ ಮಾರ್ಗದರ್ಶಿ ಶಿಕ್ಷಕರು. ಅವರು ಗುಡಿಯ ಪೌಳಿಗೆ, ಸಮುದಾಯ ಭವನಕ್ಕೆ, ಬೇವಿನ ಮರದ ಬುಡಕ್ಕೆ ಹೋಗಿ ‘ವಠಾರ ಶಾಲೆ’ ನಡೆಸಿದರು. ಸ್ಮಾರ್ಟ್‌ಫೋನ್ ಇದ್ದವರಿಗೆ ವಾಟ್ಸ್‌ಆ್ಯಪ್‌ನಲ್ಲಿ, ಬಟನ್ ಫೋನಿನವರಿಗೆ ಕರೆ ಮಾಡಿ. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದನ್ನು ನಿಲ್ಲಿಸಿದರು. 2021ರ ಜನವರಿ 1ಕ್ಕೆ ಮತ್ತೆ ತೆರೆದರು. ಶಾಲೆ ಮುಚ್ಚಿದ್ದರ ಬೆಲೆ ನಮಗೆ ತಿಳಿದದ್ದು ಆಮೇಲೆ. ಅಸರ್ ಪ್ರಕಾರ ಕರ್ನಾಟಕದ ಗ್ರಾಮೀಣ ಭಾಗದ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇ 19.2 ಇದ್ದರು, 2021ರಲ್ಲಿ ಶೇ 9.8ಕ್ಕೆ ಇಳಿದರು. ಹೆಚ್ಚುಕಡಿಮೆ ಅರ್ಧ. 2022-23ನೇ ಸಾಲನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಕರೆದು, 1ರಿಂದ 9ರವರೆಗಿನ ಮಕ್ಕಳಿಗೆ ಹಿಂದಿನ ತರಗತಿಗಳಲ್ಲಿ ತಪ್ಪಿದ್ದನ್ನು ಹಾಳೆಗಳ ಮೂಲಕ ಮತ್ತೆ ಕಲಿಸಬೇಕಾಯಿತು. ಹಾಳೆ ಎಂದೆ, ಆ್ಯಪ್ ಎನ್ನಲಿಲ್ಲ, ಗಮನಿಸಿ.

ಮಾಳಗಿ ಹತ್ತಿದರೆ ರೇಂಜ್ ಬರುವುದೇಕೆ

ನಮ್ಮ ಭಾಗದಲ್ಲಿ ಊರ ನಡುವೆ ಇರುವಂತೆ ತೋಟದ ವಸ್ತಿಗಳಲ್ಲೂ ಬಹಳ ಜನ ಇರುತ್ತಾರೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರು ಪುನರ್ವಸತಿ ಕೇಂದ್ರಗಳಲ್ಲಿದ್ದಾರೆ. "ಸರ್, ತ್ವಾಟದಾಗ ರೇಂಜ್ ಬರೂದಿಲ್ರಿ" ಎನ್ನುವುದು ಸುಳ್ಳು ನೆಪವಲ್ಲ, ಅದಕ್ಕೆ ಕಾರಣಗಳಿವೆ.

ಮೊಬೈಲ್ ತರಂಗಗಳು ಒಂದೇ ಬಗೆಯವಲ್ಲ. 700ರಿಂದ 900 ಮೆಗಾಹರ್ಟ್ಸ್‌ನವು ದೂರ ಹೋಗುತ್ತವೆ, ಗೋಡೆಯನ್ನೂ ಒಂದಿಷ್ಟು ದಾಟುತ್ತವೆ. 2300ರವು, 5ಜಿಯ 3300ರ ಆಸುಪಾಸಿನವು ಹೆಚ್ಚು ಮಾಹಿತಿ ಹೊರುತ್ತವೆ, ಆದರೆ ಹತ್ತಿರದಲ್ಲೇ ಸೋಲುತ್ತವೆ. ಆಳೆತ್ತರ ದಾಟಿದ ಕಬ್ಬಿನ ಗರಿಯಲ್ಲಿರುವ ನೀರು ಅವನ್ನು ಹೀರುತ್ತದೆ. ತಗಡಿನ ಶೆಡ್ಡಿನೊಳಗೆ ಕೂತರಂತೂ ಮುಗಿಯಿತು. ಲೋಹ ತರಂಗವನ್ನು ಹೊರಗೇ ತಿರುಗಿಸಿ ಕಳಿಸುತ್ತದೆ. ಮಾಳಗಿ ಹತ್ತಿದವನು ಕಬ್ಬಿನ ಮೇಲೂ ತಗಡಿನ ಹೊರಗೂ ಬಂದಿರುತ್ತಾನೆ. ಅಷ್ಟೇ ಗುಟ್ಟು. ಹತ್ತಲೇಬೇಕೆಂದಿಲ್ಲ: ಫೋನನ್ನು ಹೊರಗೆ ಕಿಟಕಿ ಕಟ್ಟೆಯ ಮೇಲಿಟ್ಟು ಹಾಟ್‌ಸ್ಪಾಟ್ ಹಾಕಿ, ಇನ್ನೊಂದು ಫೋನಿನಲ್ಲಿ ಒಳಗೆ ಕೂತು ನೋಡಬಹುದು. ಗೋಡೆ, ಬಾಗಿಲ ಸಂದಿಯಲ್ಲಿ ವೈಫೈ ನಾಲ್ಕು ಮಾರು ದಾಟಿದರೆ ಸಾಕು.

ಇನ್ನು ಸಂಜೆ ಏಳರಿಂದ ಹತ್ತರವರೆಗೆ ಕಡ್ಡಿ ಪೂರ್ತಿ ಇದ್ದರೂ ವಿಡಿಯೊ ಗಿರಗಿರ ತಿರುಗುತ್ತದಲ್ಲ, ಅದು ಬೇರೆ ಕಾರಣ. ಕಾಲುವೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಟವರ್ ಒಂದು ತೂಬು. ಎಲ್ಲರೂ ಒಟ್ಟಿಗೆ ಮಡಿ ತೆರೆದರೆ ಬಾಯಿಕಡೆಯ ಹೊಲಕ್ಕೆ ನೀರು, ಬಾಲಕಡೆಯ ಹೊಲಕ್ಕೆ ತೇವ. ಟವರ್‌ನಿಂದ ದೂರ ಇರುವವರ ಗತಿ ಬಾಲಕಡೆಯ ರೈತನದೇ. ರಾತ್ರಿ ಪಾಳಿಯಲ್ಲಿ ನೀರು ಹಾಯಿಸುವವರಿಗೆ ಇದರ ಪರಿಹಾರ ಹೇಳಿಕೊಡಬೇಕಿಲ್ಲ: ನಸುಕಿನ ಐದಕ್ಕೆ ಪಾಠ ಇಳಿಸಿಕೊಳ್ಳಿ, ಸಂಜೆ ನೋಡಿ.

ಎಷ್ಟು ಡೇಟಾ ಬೇಕು ಎಂಬುದೂ ಬಾಯಿಲೆಕ್ಕದಲ್ಲೇ ಬರುತ್ತದೆ. ಸೆಕೆಂಡಿಗೆ ಒಂದು ಮೆಗಾಬಿಟ್ ಹರಿಯುವ ವಿಡಿಯೊ ನಲವತ್ತು ನಿಮಿಷಕ್ಕೆ 300 ಎಂಬಿ ತಿನ್ನುತ್ತದೆ. ದಿನಕ್ಕೆ ಒಂದೂವರೆ ಜಿಬಿ ಕೊಡುವ ರೀಚಾರ್ಜ್‌ನಲ್ಲಿ ಅಂಥ ಐದು ಪಾಠ. ಅಣ್ಣ-ತಂಗಿ ಇಬ್ಬರಿದ್ದರೆ ತಲಾ ಎರಡೂವರೆ, ಮತ್ತು ಅಪ್ಪನ ಯೂಟ್ಯೂಬಿಗೆ ಏನೂ ಇಲ್ಲ. ಅದೇ ಪಾಠವನ್ನು ಬರೀ ಧ್ವನಿಯಾಗಿ, ಸೆಕೆಂಡಿಗೆ 64 ಕಿಲೋಬಿಟ್‌ನಲ್ಲಿ ಕಳಿಸಿದರೆ 19 ಎಂಬಿ ಸಾಕು. ಕನ್ನಡ ಪದ್ಯಕ್ಕೆ, ಇತಿಹಾಸದ ಕಥೆಗೆ ಮಾಸ್ತರರ ಮುಖವೇನೂ ಬೇಕಾಗಿಲ್ಲ. ರೇಖಾಗಣಿತಕ್ಕೆ ಹಲಗೆ ಬೇಕು. ಯಾವುದಕ್ಕೆ ಚಿತ್ರ ಬೇಕು, ಯಾವುದಕ್ಕೆ ದನಿ ಸಾಕು ಎಂದು ಆಯ್ದುಕೊಳ್ಳುವುದೇ ದೂರಪಾಠ ಹೇಳುವ ಮಾಸ್ತರರ ಮೊದಲ ಕೌಶಲ. ವಿಡಿಯೊದ ಗುಣಮಟ್ಟವನ್ನು ‘ಆಟೊ’ದಲ್ಲಿ ಬಿಡದೆ ಕೈಯಾರೆ 240 ಅಥವಾ 360ಕ್ಕೆ ಇಳಿಸಿ. ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ, ಒಂದೊಂದನ್ನೂ ಹಲವು ಗುಣಮಟ್ಟದಲ್ಲಿ ಇಟ್ಟಿರುತ್ತಾರೆ. ನೆಟ್ ಚೆನ್ನಾಗಿದ್ದಾಗ ಫೋನು ತಾನಾಗಿ ದೊಡ್ಡ ತುಂಡನ್ನೇ ಎಳೆಯುತ್ತದೆ. ಹಲಗೆಯ ಮೇಲಿನ ಅಕ್ಷರ ಓದಿಸಲು ಅಷ್ಟು ಬೇಡ.

ನೇರ ತರಗತಿಗೆ ಈ ಉಪಾಯಗಳಲ್ಲಿ ಹೆಚ್ಚಿನವು ನಡೆಯವು. ಮೊದಲೇ ಇಳಿಸಿಡಲು ಬರುವುದಿಲ್ಲ, ಹಿಂದಿನಿಂದ ತುಂಬಿಕೊಳ್ಳಲು ಬರುವುದಿಲ್ಲ, ನೆಟ್ ಹೋದ ಎರಡು ನಿಮಿಷ ಹೋದಂತೆಯೇ. ತೋಟದ ಮನೆಯ ಮಗುವಿಗೆ ನೇರ ತರಗತಿ ಇಡುವುದಕ್ಕಿಂತ ಆರು ನಿಮಿಷದ ಧ್ವನಿಮುದ್ರಿತ ಪಾಠ ಕಳಿಸಿ ಆಮೇಲೆ ಫೋನ್ ಮಾಡುವುದು ಮೇಲು. ಆರು ಎಂದದ್ದು ಸುಮ್ಮನೆ ಅಲ್ಲ. ಎಡ್‌ಎಕ್ಸ್ ಎಂಬ ಅಂತರರಾಷ್ಟ್ರೀಯ ವೇದಿಕೆಯಲ್ಲಿ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನ, ವಿಡಿಯೊ ಎಷ್ಟೇ ಉದ್ದವಿರಲಿ ಜನ ಮನಸಿಟ್ಟು ನೋಡುವುದು ಹೆಚ್ಚೆಂದರೆ ಆರು ನಿಮಿಷದ ಸುತ್ತಮುತ್ತ ಎಂದು ಕಂಡಿತು. ಅವರು ತಾವಾಗಿಯೇ ಬಯಸಿ ಸೇರಿದ ದೊಡ್ಡವರು. ನಮ್ಮ ನಾಲ್ಕನೆತ್ತೆಯ ಹುಡುಗನಿಗೆ ನಲವತ್ತೈದು ನಿಮಿಷದ ವಿಡಿಯೊ ಕಳಿಸಿ "ನೋಡಿದ್ಯಾ?" ಎಂದರೆ ಅವನು "ಹೂಂ ರೀ" ಅಂದೇ ಅನ್ನುತ್ತಾನೆ.

ಫೋನ್ ಮಾಡಿ ಲೆಕ್ಕ ಕೇಳುವುದು

ಇನ್ನು ಉತ್ತರ ಮರಳಿ ಬರುವ ದಾರಿಯ ಮಾತು. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ 2020ರಲ್ಲಿ ಶಾಲೆಗಳು ಮುಚ್ಚಿದಾಗ ಸುಮಾರು 4,500 ಮನೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಮನೆಗಳಿಗೆ ವಾರಕ್ಕೊಂದು ಎಸ್ಸೆಮ್ಮೆಸ್‌ನಲ್ಲಿ ಲೆಕ್ಕ ಕಳಿಸಿದರು. ಇನ್ನು ಕೆಲವರಿಗೆ ಎಸ್ಸೆಮ್ಮೆಸ್ ಜೊತೆಗೆ ಇಪ್ಪತ್ತು ನಿಮಿಷದ ಫೋನ್ ಕರೆ: ಶಿಕ್ಷಕರು ಮಗುವಿನೊಂದಿಗೆ ಲೆಕ್ಕ ಮಾಡಿಸಿ, ಮಾಡಿದ್ದನ್ನು ಬಾಯಲ್ಲಿ ಹೇಳಿಸುವರು. ಬರೀ ಎಸ್ಸೆಮ್ಮೆಸ್‌ನಿಂದ ಹೇಳಿಕೊಳ್ಳುವಂಥ ಫಲ ಬರಲಿಲ್ಲ. ಕರೆ ಸೇರಿದ ಕಡೆ ಮಕ್ಕಳ ಕಲಿಕೆ ಸ್ಪಷ್ಟವಾಗಿ ಏರಿತು. ಆಮೇಲೆ ಭಾರತವೂ ಸೇರಿ ಐದು ದೇಶಗಳಲ್ಲಿ ಇದನ್ನು ಪರೀಕ್ಷಿಸಿದರು, ಅಲ್ಲೂ ಕರೆಗೇ ಜಯ.

ಕರ್ನಾಟಕದಲ್ಲಿ ಇದು ‘ಗಣಿತ ಗಣಕ’ ಎಂಬ ಹೆಸರಿನಲ್ಲಿ ಬಂದಿದೆ. ಸರ್ಕಾರಿ ಶಾಲೆಯ 3ರಿಂದ 5ನೇ ತರಗತಿ ಮಕ್ಕಳಿಗೆ ಶಿಕ್ಷಕರೇ ಫೋನ್ ಮಾಡಿ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಲೆಕ್ಕ ಹೇಳಿಕೊಡುವುದು. ಬಟನ್ ಫೋನ್ ಸಾಕು. ನಡೆಯುವ ಬಗೆ ಇಷ್ಟು: ಮೊದಲು ಸಣ್ಣ ಪರೀಕ್ಷೆ, ಮಗು ಯಾವ ಮೆಟ್ಟಿಲಲ್ಲಿದೆ ನೋಡುವುದು. ಕಳೆಯುವುದು ಬರುತ್ತದೆ, ದಶಕ ತೆಗೆದುಕೊಳ್ಳುವುದು ಬರುವುದಿಲ್ಲ ಎಂದಾದರೆ ಅಲ್ಲಿಂದಲೇ ಶುರು. ಐದನೆತ್ತೆಯಲ್ಲಿದ್ದಾನೆ ಎಂದು ಐದನೆತ್ತೆಯ ಲೆಕ್ಕ ಕೊಡುವುದಿಲ್ಲ. ಮಗು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಾಯಲ್ಲಿ ಹೇಳುತ್ತದೆ: "ಮೂರರಾಗ ಏಳು ಹೋಗೂದಿಲ್ರಿ, ಬಾಜೂದವಂದು ಒಂದು ತಗೋತೀನ್ರಿ…" ಮಾಸ್ತರರಿಗೆ ತಪ್ಪು ಎಲ್ಲಿ ಹುಟ್ಟಿತು ಎಂದು ಕಿವಿಯಲ್ಲೇ ತಿಳಿಯುತ್ತದೆ. ಉತ್ತರಪತ್ರಿಕೆಯಲ್ಲಿ ಬರೀ ತಪ್ಪು ಉತ್ತರ ಕಾಣುತ್ತದೆ. ಕರೆಯಲ್ಲಿ ತಪ್ಪಿನ ಹೆಜ್ಜೆ ಕೇಳಿಸುತ್ತದೆ.

ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗನಿಗೆ ಪೂರ್ತಿ ಇಪ್ಪತ್ತು ನಿಮಿಷ ಮಾಸ್ತರರು ಸಿಗುವುದು ಎಂದಿಗೆ? ಈ ಕಾರಣಕ್ಕೇ ಮಕ್ಕಳು ಈ ಕರೆಗೆ ಕಾಯುತ್ತಾರೆ ಎಂದು ನನ್ನ ಪರಿಚಯದ ಅಕ್ಕಾರೊಬ್ಬರು ಹೇಳಿದರು. ತೊಡಕುಗಳೂ ಅವರಿಂದಲೇ ತಿಳಿದವು. ಕಬ್ಬಿನ ಕಟಾವು ಶುರುವಾದ ಮೇಲೆ ಮನೆಯ ಫೋನ್ ರಾತ್ರಿ ಎಂಟಕ್ಕೆ ಮನೆಗೆ ಬರುತ್ತದೆ. ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದವರ ಮನೆಯಲ್ಲಿ ಅಜ್ಜಿಯ ಫೋನಿನ ವ್ಯಾಲಿಡಿಟಿ ಮುಗಿದಿರುತ್ತದೆ. ಕೆಲ ದಿನಗಳಲ್ಲಿ ಒಳಬರುವ ಕರೆಯೂ ನಿಲ್ಲುತ್ತದೆ. ಮತ್ತು ಕರೆ ಮಾಡುವ ಹೊತ್ತು ಶಿಕ್ಷಕಿಯ ಮನೆಯ ಹೊತ್ತು, ಆಕೆಯ ಒಲೆಯ ಹೊತ್ತು. ಈ ಕೆಲಸಕ್ಕೆ ಶಾಲಾ ವೇಳಾಪಟ್ಟಿಯಲ್ಲೇ ಜಾಗ ಕೊಡದಿದ್ದರೆ ಇದು ಒಳ್ಳೆಯ ಮನಸ್ಸಿನವರ ಬೆನ್ನ ಮೇಲಷ್ಟೇ ನಡೆಯುತ್ತದೆ, ಬಹಳ ದಿನ ನಡೆಯುವುದಿಲ್ಲ.

ಕಾರ್ಡು ಮಾಡಿದ್ದನ್ನೇ ಕಂಪ್ಯೂಟರ್ ಮಾಡುತ್ತಿದೆ

‘ಪ್ರತಿ ಮಗುವಿಗೂ ಅದರದೇ ವೇಗದಲ್ಲಿ ಪಾಠ’ ಎಂದು ಆ್ಯಪ್‌ಗಳ ಜಾಹೀರಾತು ಈಗ ಹೇಳುವುದನ್ನು ನಮ್ಮ ಸರ್ಕಾರಿ ಶಾಲೆಗಳು ರಟ್ಟಿನ ಕಾರ್ಡುಗಳಲ್ಲಿ ಮಾಡಿ ಸುಮಾರು ಮೂವತ್ತು ವರ್ಷವಾಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಸಣ್ಣ ಶಾಲೆಗಳನ್ನು ನೋಡಿ ಬಂದು ಶುರು ಮಾಡಿದ್ದು ‘ನಲಿ-ಕಲಿ’. 2009-10ರಲ್ಲಿ ಅದು ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳ ಒಂದು-ಎರಡನೇ ತರಗತಿಗೆ ಬಂತು. ಪಾಠವನ್ನು ಮೈಲಿಗಲ್ಲುಗಳಾಗಿ ಒಡೆದು, ಒಂದೊಂದಕ್ಕೂ ಕಾರ್ಡುಗಳ ಏಣಿ. ಮಕ್ಕಳು ಐದು ‘ತಟ್ಟೆ’ಗಳಲ್ಲಿ ಕೂರುತ್ತಾರೆ. ಮೊದಲ ತಟ್ಟೆಗೆ ಪೂರ್ತಿ ಶಿಕ್ಷಕರ ಸಹಾಯ, ಮುಂದಿನದಕ್ಕೆ ಸ್ವಲ್ಪ, ಆಮೇಲೆ ಗೆಳೆಯರದು, ಕೊನೆಗೆ ತಾನೇ ಕಲಿಯುವುದು. ಮಗು ಒಂದು ವಾರ ತಪ್ಪಿಸಿಕೊಂಡರೆ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಕಂಪ್ಯೂಟರ್ ಇದಕ್ಕೆ ಸೇರಿಸುವುದು ಒಂದೇ: ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂಬ ಲೆಕ್ಕವನ್ನು ತಾನೇ ಇಡುತ್ತದೆ. ಅದು ಸಣ್ಣ ಕೆಲಸವಲ್ಲ. ಆದರೆ ನಲಿ-ಕಲಿಯಲ್ಲಿ ಪಳಗಿದ ಶಿಕ್ಷಕಿಗೆ ಈ ವಿಚಾರ ಹೊಸದೆಂದು ತರಬೇತಿ ಕೊಡಲು ಬರುವವರು ಮೊದಲು ಆಕೆಯ ಮಾತು ಕೇಳಿದರೆ ಒಳ್ಳೆಯದು.

ದೊಡ್ಡ ತರಗತಿಗಳಲ್ಲಿ ಬದಲಾಗುತ್ತಿರುವ ಇನ್ನೊಂದು ಪದ್ಧತಿ ಪಾಠವನ್ನು ತಿರುವಿ ಹಾಕುವುದು. ಅಮೆರಿಕದ ಕೊಲರಾಡೊದ ಇಬ್ಬರು ರಸಾಯನಶಾಸ್ತ್ರ ಶಿಕ್ಷಕರು, ಜೊನಾಥನ್ ಬರ್ಗ್‌ಮನ್ ಮತ್ತು ಆ್ಯರನ್ ಸ್ಯಾಮ್ಸ್, 2007ರಲ್ಲಿ ತರಗತಿ ತಪ್ಪಿದ ಮಕ್ಕಳಿಗೆಂದು ಪಾಠವನ್ನು ವಿಡಿಯೊ ಮಾಡಿಡಲು ತೊಡಗಿದರು. ಕ್ರಮೇಣ ವಿವರಣೆ ಮನೆಯಲ್ಲಿ, ಲೆಕ್ಕ-ಅಭ್ಯಾಸ ತರಗತಿಯಲ್ಲಿ ಎಂದಾಯಿತು. ಮನೆಯಲ್ಲಿ ಲೆಕ್ಕ ಹೇಳಿಕೊಡುವವರಿಲ್ಲದ ಮಗುವಿಗೆ ಇದು ನಿಜವಾಗಿ ಅನುಕೂಲ. ಓದು ಬಾರದ ಅವ್ವನ ಮುಂದೆ ವಿಡಿಯೊ ನೋಡಬಹುದು. ಸಿಕ್ಕು ಬೀಳುವುದು ಲೆಕ್ಕ ಮಾಡುವಾಗ, ಆಗ ಮಾಸ್ತರರು ಪಕ್ಕದಲ್ಲಿರಬೇಕು. ಮನೆಯಲ್ಲಿ ಫೋನ್ ಇಲ್ಲದವರಿಗೆ? ಶಾಲೆಯಲ್ಲೇ ಪ್ರಾರ್ಥನೆಗೆ ಮುಂಚೆ ಹತ್ತು ನಿಮಿಷ ತೋರಿಸಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಹಲವೆಡೆ ಕಂಪ್ಯೂಟರ್, ನೆಟ್ ಬಂದಿವೆ, 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಪಾಠ ಇಳಿಸಿಕೊಳ್ಳಲು ಅದಕ್ಕಿಂತ ಹತ್ತಿರದ ಜಾಗವಿಲ್ಲ.

ಕಾಲೇಜಿನವರಿಗೆ, ಮತ್ತು ರೊಕ್ಕ ಕಟ್ಟುವವರಿಗೆ

ಪದವಿ ವಿದ್ಯಾರ್ಥಿಗಳಿಗೆ ‘ಸ್ವಯಂ’ ಇದೆ, 2017ರಿಂದ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2003ರಲ್ಲೇ ಕಟ್ಟಿದ ಎನ್‌ಪಿಟಿಇಎಲ್ ಪಾಠಗಳೂ ಅದರಲ್ಲೇ ಸಿಗುತ್ತವೆ. ಜನವರಿಗೊಮ್ಮೆ ಜುಲೈಗೊಮ್ಮೆ ಹೊಸ ಪಾಠಗಳು ಶುರು. ಕಲಿಯುವುದು ಪುಕ್ಕಟೆ; ಪ್ರಮಾಣಪತ್ರ ಬೇಕಾದರೆ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಎನ್‌ಪಿಟಿಇಎಲ್‌ನಲ್ಲಿ ವಾರವಾರದ ಅಭ್ಯಾಸಕ್ಕೆ 25 ಅಂಕ, ಪರೀಕ್ಷೆಗೆ 75. 2021ರ ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಮಾಡಲು ಅವಕಾಶವಿದೆ, ಆದರೆ ನಿಮ್ಮ ವಿಶ್ವವಿದ್ಯಾಲಯ ಆ ಕೋರ್ಸನ್ನು ಒಪ್ಪಿರಬೇಕು. ಹೆಸರು ನೋಂದಾಯಿಸುವ ಮೊದಲು ಕಾಲೇಜಿನಲ್ಲಿ ಅದನ್ನು ಕೇಳಿ. ಸೇರುವುದು ಸುಲಭ, ಮುಗಿಸುವುದು ಕಷ್ಟ. ಹಾರ್ವರ್ಡ್ ಮತ್ತು ಎಂಐಟಿಯ ಇಂಥ ಕೋರ್ಸುಗಳಿಗೆ 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ನೂರಕ್ಕೆ ಮೂವರು ಮಾತ್ರ. ಇಬ್ಬರು ಗೆಳೆಯರು ಸೇರಿ ಒಂದೇ ಕೋರ್ಸ್ ಹಿಡಿಯಿರಿ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಬೈಯಲು ಇರುತ್ತಾರೆ.

ಖಾಸಗಿ ಆ್ಯಪ್‌ಗಳಿಗೆ ರೊಕ್ಕ ಕಟ್ಟುವ ಮುಂಚೆ ಒಂದು ಮಾತು. ಬೆಂಗಳೂರಿನಲ್ಲಿ ಬೆಳೆದು ಜಗತ್ತಿನ ಅತಿ ದೊಡ್ಡ ಶಿಕ್ಷಣ ಆ್ಯಪ್ ಕಂಪನಿಗಳಲ್ಲಿ ಒಂದೆನಿಸಿದ ಬೈಜೂಸ್ ವಿರುದ್ಧ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಅದಕ್ಕೂ ಮುಂಚೆ, 2021ರ ಡಿಸೆಂಬರಿನಲ್ಲೇ, ಕೇಂದ್ರ ಶಿಕ್ಷಣ ಸಚಿವಾಲಯ ಪಾಲಕರಿಗೆ ಎಚ್ಚರಿಕೆ ಕೊಟ್ಟಿತ್ತು: ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಒಪ್ಪಿಗೆಗೆ ಸಹಿ ಹಾಕಬೇಡಿ, ಗೊತ್ತಿಲ್ಲದೆ ಸಾಲದ ಕಾಗದಕ್ಕೆ ಒಪ್ಪಬೇಡಿ. ‘ತಿಂಗಳ ಕಂತು’ ಎಂದು ಅವರು ಹೇಳುವುದು ಎಷ್ಟೋ ಸಲ ನಿಮ್ಮ ಹೆಸರಿನ ಸಾಲ. ಮಗು ಆ್ಯಪ್ ನೋಡುವುದು ಬಿಟ್ಟರೂ ಕಂತು ನಿಮ್ಮನ್ನು ಬಿಡುವುದಿಲ್ಲ. ಮನೆಗೆ ಬಂದ ಸೇಲ್ಸ್‌ನವರನ್ನು ಒಂದೇ ಪ್ರಶ್ನೆ ಕೇಳಿ: ನನ್ನ ಮಗಳು ತಪ್ಪು ಉತ್ತರ ಬರೆದರೆ ಅದನ್ನು ನೋಡುವ ಮನುಷ್ಯ ಯಾರು, ಅವರು ಕನ್ನಡದಲ್ಲಿ ಮಾತಾಡುತ್ತಾರಾ? ಉತ್ತರ ತಡವರಿಸಿದರೆ ಚಹಾ ಕುಡಿಸಿ ಕಳಿಸಿ.

ಈಚೆಗೆ ಎಐ ಬಂದಿದೆ. ಕರ್ನಾಟಕದ ಕೆಲವು ಸರ್ಕಾರಿ ಶಾಲೆಗಳ ಶಿಕ್ಷಕರು ಪಾಠ ಯೋಜನೆ ಬರೆಯಲು ‘ಶಿಕ್ಷಾ ಕೋಪೈಲಟ್’ ಎಂಬ ಸಾಧನವನ್ನು ಪ್ರಯೋಗವಾಗಿ ಬಳಸಿದ್ದಾರೆ. ಶಿಕ್ಷಕರ ಕಾಗದದ ಹೊರೆ ಇಳಿಸಿ, ಉಳಿದ ಹೊತ್ತನ್ನು ಮಕ್ಕಳಿಗೆ ಕೊಟ್ಟರೆ ಅದು ಒಳ್ಳೆಯ ಬಳಕೆ. ಮಗುವೇ ಎಐನಿಂದ ಮನೆಗೆಲಸದ ಉತ್ತರ ಬರೆಸಿಕೊಂಡರೆ ಅದು ಒಳ್ಳೆಯ ಬಳಕೆಯಲ್ಲ.

ಸಾಧನಗಳ ಮಾತು ಸಾಕು, ಶಿಕ್ಷಕರ ಮಾತಿಗೆ ಬರೋಣ. 2024ರ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ಪಡೆದು ರಾಜ್ಯಕ್ಕೆ ಮೊದಲಿಗಳಾದವಳು ನಮ್ಮ ಮುಧೋಳ ತಾಲ್ಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ, ರೈತನ ಮಗಳು. ಸರ್ಕಾರಿ ವಸತಿ ಶಾಲೆ ಎಂದರೆ ಶಿಕ್ಷಕರು ಕೂಗಳತೆಯಲ್ಲಿರುವ ಜಾಗ. ಸಂಶಯ ಬಂದ ಹೊತ್ತಿಗೆ ಕೇಳಲು ಒಬ್ಬರಿರುವುದು ದೊಡ್ಡದು. ಆನ್‌ಲೈನ್ ಪಾಠ ಕಟ್ಟುವವರು ಅಳೆದುಕೊಳ್ಳಬೇಕಾದದ್ದು ಆ ಅಳತೆಯಿಂದ.

ಪಾಲಕರಾಗಿ ನೀವು ಮಾಡಬಹುದಾದದ್ದಕ್ಕೆ ನೆಟ್ ಬೇಕಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಎರಡು ಪಾಠ ಓದಿಸಿ, ಒಂದನ್ನು ಮತ್ತೆ ಓದಲು, ಇನ್ನೊಂದರಲ್ಲಿ ನೆನಪಿದ್ದದ್ದನ್ನು ಪುಸ್ತಕ ಮುಚ್ಚಿ ಬರೆಯಲು ಹೇಳಿದರು. ಐದು ನಿಮಿಷದ ನಂತರ ಮತ್ತೆ ಓದಿದ ಪಾಠವೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ನೋಡಿದರೆ ಲೆಕ್ಕ ತಿರುಗಿತ್ತು: ಮುಚ್ಚಿ ಬರೆದದ್ದು ಶೇ 56ರಷ್ಟು ನೆನಪು, ಮತ್ತೆ ಓದಿದ್ದು ಶೇ 42. ವಿಡಿಯೊ ಮುಗಿದ ಮೇಲೆ ಫೋನ್ ತಿರುವಿ ಇಟ್ಟು, "ಏನ್ ಹೇಳಿದ್ರು, ನನಗ ಒಂಚೂರು ಹೇಳು" ಎನ್ನಿ. ಪಾಠ ನಿಮಗೆ ತಿಳಿಯದಿದ್ದರೂ ನಡೆಯುತ್ತದೆ. ಮಗು ಎಲ್ಲಿ ತಡವರಿಸಿತು ಎಂಬುದು ನಿಮಗೆ ತಿಳಿಯುತ್ತದೆ.

ಮತ್ತೆ ಸಂಜೆ ಮಾಸ್ತರರದೋ ಅಕ್ಕಾರದೋ ಫೋನ್ ಬಂದರೆ ಸ್ಪೀಕರ್ ಹಾಕಿ ಮಗುವಿನ ಮುಂದಿಡಿ. ಟಿವಿ ಸಣ್ಣ ಮಾಡಿ. ಪಕ್ಕದಲ್ಲಿ ಕೂತು ಉತ್ತರ ಮಾತ್ರ ಹೇಳಿಕೊಡಬೇಡಿ.